ಅಳತೆಗೋಲೇ ಅಲುಗಿದಾಗ

ಜೇನಿಗೆ ಕಬ್ಬಿನ ಸಕ್ಕರೆ ಬೆರೆತಿದೆಯೇ, ಗಾಳಿಯಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲು, ತೈಲ ಉರಿಸಿದ್ದರಿಂದ ಬಂದದ್ದೇ ಎಂಬುದನ್ನು ಕಾರ್ಬನ್-13 ಮತ್ತು ಕಾರ್ಬನ್-12ರ ಅನುಪಾತ ನೋಡಿ ಹೇಳಬಹುದು. ಈ ಅನುಪಾತ ಒಪ್ಪಿತ ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದೇ ಇಲ್ಲಿಯ ಲೆಕ್ಕ. ಹಾಗಾದರೆ ಆ ಮಾನಕವನ್ನು ಕಾಯುವ ಪದ್ಧತಿ ಎಷ್ಟು ಗಟ್ಟಿ?

ಮೊದಲ ಮಾನಕ ಅಮೆರಿಕದ ದಕ್ಷಿಣ ಕೆರೊಲಿನಾದ ಪೀಡೀ ಶಿಲಾಸ್ತರದ ಬೆಲೆಮ್ನೈಟ್ ಪಳೆಯುಳಿಕೆ. ಷಿಕಾಗೊದ ಹೆರಾಲ್ಡ್ ಯೂರಿ ಬಳಗ ಬಳಸುತ್ತಿದ್ದ ಆ ಪುಡಿ ಮುಗಿದುಹೋಯಿತು. ಮುಂದೆ ಎನ್‌ಬಿಎಸ್ 19 ಎಂಬ ಕಾರ್ಬೊನೇಟ್ ಪುಡಿಗೆ +1.95 ಎಂಬ ಬೆಲೆ ಕಟ್ಟಿ, ಅದರಿಂದಲೇ ವಿಪಿಡಿಬಿ ಮಾಪಕವನ್ನು ವ್ಯಾಖ್ಯಾನಿಸಿದರು. ವಸ್ತು ಹೋದರೂ ಮಾಪಕ ಉಳಿಯಿತು. ಈ ಪದ್ಧತಿಯ ದೊಡ್ಡ ಗೆಲುವು ಇದು. ಎನ್‌ಬಿಎಸ್ 19 ಕೂಡ ತೀರಿದಾಗ, ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸಿದ್ಧಪಡಿಸಿದ ಐಎಇಎ-603 ಅಮೃತಶಿಲೆ ಅದರ ಜಾಗಕ್ಕೆ ಬಂತು.

ಎಡವಿದ್ದು ಇನ್ನೊಂದು ತುದಿಯಲ್ಲಿ. ಒಂದೇ ಬಿಂದುವಿಗೆ ಕಟ್ಟಿದ ಮಾಪಕವನ್ನು ಒಂದೊಂದು ಯಂತ್ರ ಒಂದೊಂದು ರೀತಿ ಹಿಗ್ಗಿಸಿ ಕುಗ್ಗಿಸುತ್ತಿತ್ತು. ಅದಕ್ಕಾಗಿ 2006ರಲ್ಲಿ ಎಲ್‌ಎಸ್‌ವೆಕ್ ಎಂಬ ಲಿಥಿಯಂ ಕಾರ್ಬೊನೇಟಿಗೆ −46.6 ಎಂದು ನಿಗದಿಪಡಿಸಲಾಯಿತು. ಪ್ರಯೋಗಾಲಯಗಳ ಫಲಿತಾಂಶಗಳು ಹತ್ತಿರವಾದವು, ನಿಜ. ಆದರೆ ಆ ಪುಡಿ ಮೂಲತಃ ಲಿಥಿಯಂ ಐಸೊಟೋಪಿನ ಮಾನಕ. ಇಂಗಾಲವನ್ನು ಹಾಗೇ ಕಾಪಾಡುವುದು ಅದರ ಕೆಲಸವಾಗಿರಲಿಲ್ಲ. ಮುಚ್ಚಳ ತೆರೆದಾಗಲೆಲ್ಲ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತಿತ್ತು. ಗಾಳಿಯ ಬೆಲೆ ಸುಮಾರು −8.5, ಹಾಗಾಗಿ ಬಾಟಲಿಯೊಳಗಿನ ಬೆಲೆ ಮೆಲ್ಲಗೆ ಏರುತ್ತಿತ್ತು. ಕಾಗದದ ಮೇಲೆ ಮಾತ್ರ −46.6, ಅದೂ ಅನಿಶ್ಚಿತತೆ ಸೊನ್ನೆ! ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ?

ತಪ್ಪು ಗೊತ್ತಾದ ಮೇಲೆ ಇಂಗಾಲದ ಅಳತೆಗೆ ಅದನ್ನು ಬಳಸಬೇಡಿ ಎಂದು ಬಹಿರಂಗವಾಗಿ ಹೇಳಿದ್ದು ಮೆಚ್ಚತಕ್ಕದ್ದು. ಆದರೆ ಆ ಮಾತು ಬರಲು ಸುಮಾರು ದಶಕ ಹಿಡಿಯಿತು. ಗಾಳಿಯ ಬೆಲೆ ವರ್ಷಕ್ಕೆ ಬದಲಾಗುವುದೇ 0.02ರಿಂದ 0.03ರಷ್ಟು, ವಿಶ್ವ ಹವಾಮಾನ ಸಂಸ್ಥೆ ಪ್ರಯೋಗಾಲಯಗಳ ನಡುವೆ ಬಯಸುವ ಹೊಂದಾಣಿಕೆ 0.01. ಇಷ್ಟು ಸೂಕ್ಷ್ಮ ಅಳತೆಯಲ್ಲಿ ಮಾನಕ ಕೊಂಚ ಜಾರಿದರೂ ಅದು ಹವಾಮಾನದ ಬದಲಾವಣೆಯಂತೆಯೇ ಕಂಡೀತು.

ಈಗ ಯುಎಸ್‌ಜಿಎಸ್44, ಐಎಇಎ-610, 611, 612ರಂಥ ಹಲವು ಕ್ಯಾಲ್ಸಿಯಂ ಕಾರ್ಬೊನೇಟುಗಳಿವೆ. ಒಂದು ಜಾರಿದರೆ ಉಳಿದವು ಹಿಡಿದುಕೊಡುತ್ತವೆ; ಇದು ಸರಿಯಾದ ದಾರಿ. ಆದರೆ ಅಷ್ಟೇ ಸಾಲದು. ಯಾವ ಮಾನಕ, ಅದಕ್ಕೆ ಯಾವ ಬೆಲೆ ಹಿಡಿದರು ಎಂಬುದನ್ನು ಪ್ರತಿ ಫಲಿತಾಂಶದ ಜೊತೆ ಬರೆದಿಡಬೇಕು. ಹಾಗೆ ಬರೆದಿಟ್ಟ ಹಳೆಯ ಅಂಕಿಗಳನ್ನು ಇವತ್ತೂ ತಿದ್ದಿಕೊಳ್ಳಬಹುದು. ಬರೆಯದೆ ಬಿಟ್ಟವನ್ನು ನಂಬುವುದೂ ಕಷ್ಟ, ಬಿಸಾಡುವುದೂ ಕಷ್ಟ.