ಕೋವಿ ಕೈ ಬದಲಾಗುವ ಜಾಗ

ಮೂಡಿಗೆರೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಸಕಲೇಶಪುರದ ಹಿರಿಯ ಬೆಳೆಗಾರರೊಬ್ಬರ ಬಳಿ ವೆಬ್ಲಿ ಅಂಡ್ ಸ್ಕಾಟ್‌ನ ಹನ್ನೆರಡು ಬೋರಿನ ಜೋಡು ನಳಿಗೆ ಕೋವಿ ಇದೆಯಂತೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಅವರಿಗೆ ಕೋವಿಯೂ ಬೇಡ, ಅದರ ರಗಳೆಯೂ ಬೇಡ. ಇವರಿಗೆ ಬೇಕು. ಬೆಲೆ ಫೋನಿನಲ್ಲೇ ಕುದುರಿದೆ. 'ಹಾನುಬಾಳು ಇಬ್ಬರಿಗೂ ಹೆಚ್ಚುಕಮ್ಮಿ ಅರ್ಧ ದಾರಿ. ಅಲ್ಲೊಂದು ಹೋಟೆಲ್ ಮುಂದೆ ಕಾರು ನಿಲ್ಲಿಸಿ, ನೋಡಿ, ದುಡ್ಡು ಕೊಟ್ಟು ತರಬಹುದೇ?' ಎಂದು ಕೇಳಿದ್ದಾರೆ.

ಬೇಡ ಸ್ವಾಮಿ. ಹಸು ಕೊಳ್ಳುವವರೂ ಕೊಟ್ಟಿಗೆಗೆ ಹೋಗಿ ನೋಡುತ್ತಾರೆಯೇ ಹೊರತು ಅರ್ಧ ದಾರಿಗೆ ಹೊಡೆದುಕೊಂಡು ಬಾ ಅನ್ನುವುದಿಲ್ಲ. ಕೋವಿಯ ವ್ಯಾಪಾರದಲ್ಲಿ ಬೆಲೆ ಆಮೇಲಿನ ಮಾತು. ಎಲ್ಲಿ ನೋಡುವುದು, ಎಲ್ಲಿ ಕೈಗೆ ತೆಗೆದುಕೊಳ್ಳುವುದು ಅನ್ನುವುದೇ ಮೊದಲು ತೀರ್ಮಾನವಾಗಬೇಕು. ಅವು ಎರಡು ಬೇರೆ ಬೇರೆ ಜಾಗಗಳಾಗಿರಲಿ ಅನ್ನುವುದು ನನ್ನ ಅಭಿಪ್ರಾಯ.

ಹಳೆಯ ಇಂಗ್ಲಿಷ್ ಕೋವಿಗಳಿಗೆ ನಮ್ಮಲ್ಲಿ ಇಷ್ಟು ಬೇಡಿಕೆ ಯಾಕೆ ಅನ್ನುವುದು ಗೊತ್ತಿರುವ ಕತೆ. 1980ರ ದಶಕದ ಮಧ್ಯದಲ್ಲಿ ಖಾಸಗಿಯವರ ಬಳಕೆಗೆ ವಿದೇಶಿ ಕೋವಿ ತರಿಸುವುದು ನಿಂತಿತು. ಅಲ್ಲಿಂದೀಚೆಗೆ ದೇಶದೊಳಗೆ ಇದ್ದದ್ದೇ ಆಸ್ತಿ. ಗ್ರೀನರ್, ವೆಸ್ಟ್ಲಿ ರಿಚರ್ಡ್ಸ್, ವೆಬ್ಲಿ ಯಾವುದೇ ಆಗಲಿ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಬರಬೇಕೇ ವಿನಾ ಹಡಗಿನಲ್ಲಿ ಬರುವುದಿಲ್ಲ. 2019ರ ತಿದ್ದುಪಡಿ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ಅದುವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಆಮೇಲೆ ಎರಡೇ. ಹಳೇ ತೋಟದ ಮನೆಗಳ ಬೀರುಗಳಿಂದ ಮೂರನೆಯದು ಹೊರಗೆ ಬಂತು. ಒಳ್ಳೊಳ್ಳೆಯ ಕೋವಿಗಳು ಸರಿಯಾಗಿ ನೋಡುವ ಕಣ್ಣಿಲ್ಲದೆ ಅಗ್ಗಕ್ಕೆ ಹೋದವು. ಹೊಟ್ಟೆ ಉರಿಯುತ್ತದೆ, ಇರಲಿ.

ಹಾನುಬಾಳಿನ ಹೋಟೆಲ್ ಯಾಕೆ ಬೇಡ? 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮು ಖಾಸಗಿ ಮಾರಾಟಕ್ಕೆ ಅಡ್ಡಿ ಮಾಡುವುದಿಲ್ಲ. ಸ್ವಂತ ಬಳಕೆಗೆ ಕಾನೂನುಬದ್ಧವಾಗಿ ಇಟ್ಟುಕೊಂಡ ಕೋವಿಯನ್ನು, ಇಟ್ಟುಕೊಳ್ಳುವ ಅರ್ಹತೆಯಿರುವ ಇನ್ನೊಬ್ಬರಿಗೆ ಮಾರಬಹುದು. ವ್ಯಾಪಾರಿಯ ಲೈಸೆನ್ಸ್ ಬೇಕಿಲ್ಲ. ಆದರೆ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗೆ, ಇಲ್ಲವೇ ಹತ್ತಿರದ ಠಾಣೆಯ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಕೊಳ್ಳುವವರ ಹೆಸರು, ವಿಳಾಸ ಅದರಲ್ಲಿರಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಅಷ್ಟರೊಳಗೆ ಕೋವಿ ಕೈ ಬದಲಾದರೆ, ಇಬ್ಬರೂ ಎಷ್ಟೇ ಮರ್ಯಾದಸ್ಥರಾಗಿದ್ದರೂ, ಅದು ಅಕ್ರಮ ಮಾರಾಟ. ಇದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಗಿಸುವ ಕೆಲಸ ಇದಲ್ಲ.

ಇನ್ನೊಂದು ತೊಡಕೂ ಇದೆ. ಸಕಲೇಶಪುರ ಹಾಸನ ಜಿಲ್ಲೆ, ಮೂಡಿಗೆರೆ ಚಿಕ್ಕಮಗಳೂರು ಜಿಲ್ಲೆ. ಲೈಸೆನ್ಸ್ ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ, ಹೆಚ್ಚಿನವರು ಓದಿರುವುದಿಲ್ಲ. ಜಿಲ್ಲೆಗೆ ಮಾತ್ರ ಅಂತಿದ್ದರೆ ಜಿಲ್ಲೆ ದಾಟಿದ ಕೂಡಲೇ ಅದು ಬರೀ ಕಾಗದ. ಹಾನುಬಾಳು ಇರುವುದು ಹಾಸನ ಜಿಲ್ಲೆಯಲ್ಲಿ. ಮಾರುವವರು ಅಲ್ಲಿಯವರೆಗೆ ಬರಬಹುದು, ನೀವು ಅಲ್ಲಿಂದ ತರಲು ಬರುವುದಿಲ್ಲ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೋವಿ ಪೂರ್ತಿ ಮುಚ್ಚಿದ ಚೀಲದಲ್ಲಿ ಇರಬೇಕು. ಹೋಟೆಲ್ ಮುಂದೆ ಕಾರಿನ ಬಾನೆಟ್ ಮೇಲಿಟ್ಟು ನಳಿಗೆಯೊಳಗೆ ಇಣುಕಿದರೆ, ಇಡ್ಲಿ ತಿನ್ನುತ್ತಿದ್ದವರು ಠಾಣೆಗೆ ಫೋನ್ ಮಾಡದೆ ಬಿಡುತ್ತಾರೆಯೇ?

ಮೊದಲ ಸಲ ನೋಡಲು ಮಾರುವವರ ಮನೆಯೇ ಸರಿ. ಕೋವಿ ಇರಬೇಕಾದ ಜಾಗದಲ್ಲೇ ಇರುತ್ತದೆ, ಎಲ್ಲಿಗೂ ಸಾಗಿಸುವ ಪ್ರಶ್ನೆಯಿಲ್ಲ. ಅದರ ಚರಿತ್ರೆಯೂ ಅಲ್ಲೇ ಸಿಗುತ್ತದೆ: ಮೂಲ ಪೆಟ್ಟಿಗೆ, ಒರೆಸುವ ಕೋಲು, ಹಳೆಯ ರಸೀದಿ. ಬೀರು ತೆರೆದಾಗ ಬರುವ ವಾಸನೆ ಎಣ್ಣೆಯದೋ ಬೂಷ್ಟಿನದೋ ಅನ್ನುವುದರಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಆದರೆ ಮಾರುವವರು ಗಮನಿಸಬೇಕಾದ ವಿಷಯವೂ ಒಂದಿದೆ. ತೋಟದ ಒಂಟಿ ಮನೆಯಲ್ಲಿ ಕೋವಿ ಯಾವ ಕೋಣೆಯಲ್ಲಿದೆ ಎಂದು ಗುರುತಿಲ್ಲದವರಿಗೆ ತೋರಿಸುವುದು ಜಾಣತನವಲ್ಲ. ಬರುವವರ ಲೈಸೆನ್ಸ್ ಪ್ರತಿಯನ್ನು ಮೊದಲೇ ತರಿಸಿಕೊಳ್ಳಿ, ಅದರಲ್ಲಿ ಶಸ್ತ್ರಾಸ್ತ್ರ ಲೈಸೆನ್ಸುಗಳ ರಾಷ್ಟ್ರೀಯ ದತ್ತಾಂಶದ ಗುರುತಿನ ಸಂಖ್ಯೆ ಇದೆಯೇ ನೋಡಿ. ಇಬ್ಬರಿಗೂ ಬೇಕಾದ ಒಬ್ಬರು ಜತೆಗಿರಲಿ. ಹಗಲು ಹೊತ್ತೇ ಇರಲಿ. ಕೋವಿಯನ್ನು ಜಗಲಿಗೆ ತಂದು ತೋರಿಸಿ, ತೋಟಾಗಳು ಒಳಗೇ ಬೀಗದಲ್ಲಿರಲಿ. ಮತ್ತೆ, 'ಇವು ಉಳಿದಿವೆ, ನೀವೇ ಇಟ್ಟುಕೊಳ್ಳಿ' ಎಂದು ಹಳೇ ತೋಟಾ ಪೆಟ್ಟಿಗೆಯನ್ನು ಉಡುಗೊರೆ ಕೊಡುವ ಔದಾರ್ಯ ಬೇಡವೇ ಬೇಡ. ಕೋವಿಗೆ ಇರುವ ಕಟ್ಟಳೆ ತೋಟಾಕ್ಕೂ ಇದೆ.

ಪೊಲೀಸ್ ಠಾಣೆಯೇ ಎಲ್ಲಕ್ಕಿಂತ ಕ್ಷೇಮ ಅಂತ ಹೇಳುವವರಿದ್ದಾರೆ. ಕಳ್ಳರ ಭಯ ಇಲ್ಲ, ನಿಜ. ಪತ್ರ ಕೊಟ್ಟು ಸ್ವೀಕೃತಿ ಪಡೆಯಲು ಅದು ಸರಿಯಾದ ಜಾಗ. ಕೋವಿ ನೋಡಲು ಅಲ್ಲ. ಒಳ್ಳೆಯ ಮೇಜಿಲ್ಲ, ಬೆಳಕಿಲ್ಲ, ಜಪ್ತಿ ಮಾಲುಗಳ ನಡುವೆ ನಿಂತು ನಳಿಗೆ ಪರೀಕ್ಷಿಸಲು ಆಗುವುದೂ ಇಲ್ಲ. ಹೇಳದೆ ಕೇಳದೆ ಹೆಗಲಿಗೆ ಕೋವಿ ಚೀಲ ಹಾಕಿಕೊಂಡು ಠಾಣೆಯ ಮೆಟ್ಟಿಲು ಹತ್ತಿದರೆ ಸೆಂಟ್ರಿಯ ಮುಖ ಹೇಗಿರುತ್ತದೆ ಎಂದು ನೀವೇ ಊಹಿಸಿ.

ಕೈಗೆ ತೆಗೆದುಕೊಳ್ಳುವ ಜಾಗಕ್ಕೆ ನನ್ನ ಮತ ಲೈಸೆನ್ಸ್ ಇರುವ ಕೋವಿ ಅಂಗಡಿಗೆ. ಅಲ್ಲಿ ದಾಸ್ತಾನು ಪುಸ್ತಕವಿದೆ, ಬಂದದ್ದೂ ಹೋದದ್ದೂ ನಂಬರಿನ ಸಮೇತ ಬರೆಯುತ್ತಾರೆ. ಆ 45 ದಿನ ಕೋವಿಯನ್ನು ಅಲ್ಲೇ ಠೇವಣಿ ಇಡಬಹುದು, ಅಷ್ಟರಲ್ಲಿ ಇಬ್ಬರ ಕಾಗದಪತ್ರವೂ ಓಡಾಡುತ್ತದೆ. ಅಂಗಡಿಯವರು ಇದಕ್ಕೆ ಸ್ವಲ್ಪ ದುಡ್ಡು ಕೇಳುತ್ತಾರೆ; ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲೊಬ್ಬ ಮಿಸ್ತ್ರಿ ಇರುತ್ತಾನೆ.

ಒಳ್ಳೆಯ ಮಿಸ್ತ್ರಿ ಕೋವಿ ನೋಡುವುದನ್ನು ನೋಡಬೇಕು. ಮೊದಲು ಕೀಲಿ ತಿರುಗಿಸಿ ಕೋವಿಯನ್ನು ಮಡಚಿ ತೆರೆದು, ಎರಡು ನಳಿಗೆಯೂ ಖಾಲಿ ಎಂದು ಕಣ್ಣಿನಲ್ಲಿ ನೋಡಿ, ಬೆರಳು ತೂರಿಸಿ ಮುಟ್ಟಿಯೂ ನೋಡುತ್ತಾನೆ. ಆಮೇಲೆ ನಳಿಗೆಯ ಅಡಿಯ ಮುಂಗಟ್ಟಿಗೆ ಕಳಚಿ ಪಕ್ಕಕ್ಕಿಡುತ್ತಾನೆ. ಇದೇ ಗುಟ್ಟು. ಆ ಕಟ್ಟಿಗೆ ಒಳಗಿನ ಸ್ಪ್ರಿಂಗಿನ ಬಿಗಿ ಕೋವಿಯ ಸಡಿಲವನ್ನು ಮುಚ್ಚಿಡುತ್ತದೆ. ಅದಿಲ್ಲದೆ ಕೋವಿ ಮುಚ್ಚಿ, ನಳಿಗೆ ಹಿಡಿದು ಕುಲುಕಿದಾಗ ಟಕ್ ಟಕ್ ಅಂದರೆ ಕೀಲು ಸವೆದಿದೆ ಎಂದರ್ಥ. ಅವನು ಏನೂ ಹೇಳುವುದಿಲ್ಲ, ಮಾರುವವರ ಮುಖ ನೋಡುತ್ತಾನೆ ಅಷ್ಟೆ. ಮತ್ತೆ ನಳಿಗೆಗಳನ್ನು ಬೇರ್ಪಡಿಸಿ ಕೊಕ್ಕೆಯಿಂದ ತೂಗುಬಿಟ್ಟು ಬೆರಳ ಗಿಣ್ಣಿನಿಂದ ಬಡಿಯುತ್ತಾನೆ. ನಾದ ಉಳಿದರೆ ಎರಡು ನಳಿಗೆ ಬೆಸೆದ ನಡುಪಟ್ಟಿ ಗಟ್ಟಿ. ಸದ್ದು ಮಂಕಾದರೆ ಬೆಸುಗೆ ಬಿಟ್ಟಿದೆ. ಕೊನೆಗೆ ಕಿಟಕಿಯ ಕಡೆ ತಿರುಗಿಸಿ ಒಳಮೈ ನೋಡುತ್ತಾನೆ. ಮಲೆನಾಡಿನ ಮಳೆಗಾಲ ಅಲ್ಲಿ ಸಹಿ ಹಾಕಿರುತ್ತದೆ. ತುಕ್ಕಿನ ಚಿಕ್ಕ ಚುಕ್ಕಿಗಳಿಗೆ ಹೆದರಬೇಡಿ. ಉಂಗುರದಂತೆ ಸುತ್ತುವರಿದ ನೆರಳು ಕಂಡರೆ ಮಾತ್ರ ಕೈ ಮುಗಿದು ಎದ್ದುಬನ್ನಿ. ಯಾವುದೋ ಕಾಲದಲ್ಲಿ ಏನೋ ಅಡ್ಡ ಸಿಕ್ಕಿಕೊಂಡಿದ್ದಾಗಲೇ ಈಡು ಹಾರಿ ನಳಿಗೆ ಅಲ್ಲಿ ಉಬ್ಬಿದೆ.

ನಿಮ್ಮದು ವೆಬ್ಲಿ ಅಂಡ್ ಸ್ಕಾಟ್ ಆದ್ದರಿಂದ ಒಂದೆರಡು ಮಾತು ಹೆಚ್ಚು. 1897ರಲ್ಲಿ ಮೂರು ಸಂಸ್ಥೆಗಳು ಸೇರಿ ಆದ ಬರ್ಮಿಂಗ್‌ಹ್ಯಾಮ್ ಕಂಪನಿ ಅದು. ನಳಿಗೆಯ ಬುಡದಲ್ಲಿ, ತಟ್ಟೆಯಾದ ಭಾಗದ ಅಡಿಯಲ್ಲಿ, ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ಎನ್‌ಪಿ ಅಥವಾ ಬಿಎನ್‌ಪಿ ಎಂದಿದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ ನಳಿಗೆ. ತೋಟಾ ಕೂರುವ ಗೂಡಿನ ಉದ್ದವನ್ನು ಅಳೆಸಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್, ಸಾಮಾನ್ಯ. 70 ಮಿಲಿಮೀಟರಿನ ತೋಟಾ ಅದರೊಳಗೆ ಹೊಕ್ಕುತ್ತದೆ, ಅದೇ ಅಪಾಯ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಆಮೇಲೆ ನಂಬರು. ನಳಿಗೆ, ಮುಂಗಟ್ಟಿಗೆ, ಕೀಲಿನ ಭಾಗ ಮೂರರಲ್ಲೂ ಒಂದೇ ಇರಬೇಕು, ಲೈಸೆನ್ಸಿನಲ್ಲಿ ಬರೆದದ್ದೂ ಅದೇ ಆಗಿರಬೇಕು. ತಯಾರಕರ ಹೆಸರಾಗಲಿ ನಂಬರಾಗಲಿ ಬೇರೆ ಗುರುತಾಗಲಿ ಇಲ್ಲದ ಕೋವಿಯನ್ನು ಮಾರುವುದಕ್ಕೇ ಕಾನೂನಿನಲ್ಲಿ ನಿಷೇಧವಿದೆ. ನಂಬರು ಕೆರೆದ ಕೋವಿ ಕಂಡರೆ ಅದು ಎಷ್ಟೇ ಚೆಲುವಾಗಿದ್ದರೂ ಮುಟ್ಟಬೇಡಿ.

ಇದನ್ನೆಲ್ಲ ಹೋಟೆಲ್ ಮುಂದೆ ಮಾಡಲಾದೀತೇ?

ಈ ಅಂಕಣಕ್ಕೆ ಕೊಡಗಿನಿಂದ ಬರುವ ಪತ್ರಗಳ ಧಾಟಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ನಾಡು ಅದು. ಆದರೆ ವಿನಾಯಿತಿ ಇರುವುದು ಮನುಷ್ಯನಿಗೆ, ಕೋವಿಯ ಬೆನ್ನಿಗೆ ಅಂಟಿಕೊಂಡು ಅದು ಹೋಗುವುದಿಲ್ಲ. ಪೊನ್ನಂಪೇಟೆಯ ಐನ್‌ಮನೆಯ ಕೋವಿಯನ್ನು ಹುಣಸೂರಿನವರು ಕೊಳ್ಳಬೇಕಾದರೆ ಅವರ ಹೆಸರಿನಲ್ಲಿ ಲೈಸೆನ್ಸ್ ಇರಲೇಬೇಕು. ದಾರಿಯ ಗೊಡವೆಯೂ ಇದೆ. ಆನೆಚೌಕೂರಿನ ಮೇಲೆ ಹೋಗುವ ರಸ್ತೆ ನಾಗರಹೊಳೆಯ ಕಾಡಿನ ನಡುವೆ ಸಾಗುತ್ತದೆ. ವನ್ಯಜೀವಿ ಕಾಯಿದೆಯ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಆಯುಧ ಒಯ್ಯುವಂತಿಲ್ಲ. ಕಳಸದ ಕಡೆಯವರು ಕಾರ್ಕಳದಿಂದ ಬರುವಾಗ ಕುದುರೆಮುಖದ ರಸ್ತೆಗೂ ಇದೇ ಮಾತು. ಸುತ್ತಾದರೂ ಸರಿ, ಬೇರೆ ದಾರಿ ಹಿಡಿಯಿರಿ.

ಅಪ್ಪ ತೀರಿಕೊಂಡ ಮನೆಗಳದ್ದು ಇನ್ನೊಂದು ಕತೆ. ತಿಥಿ ಮುಗಿದ ಮೇಲೆ ಬೀರುವಿನಲ್ಲಿ ಕೋವಿ ಕಾಣುತ್ತದೆ. ಪರಿಚಯದವರು ಯಾರೋ 'ನಾನು ನೋಡಿಕೊಳ್ಳುತ್ತೇನೆ' ಅಂತ ಬರುತ್ತಾರೆ. ಕೊಡಬೇಡಿ. ಲೈಸೆನ್ಸ್ ಹೊಂದಿದವರು ತೀರಿಕೊಂಡ ಮೇಲೆ ಆ ಕೋವಿಯನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕು. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲವೇ ಠೇವಣಿಯಿಂದಲೇ ಮಾರಬಹುದು. ಬದುಕಿರುವಾಗಲೇ ದಾಟಿಸಲೂ ದಾರಿಯಿದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಮಕ್ಕಳ ಹೆಸರಿಗೆ ಕೊಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಸಕಲೇಶಪುರದ ಹಿರಿಯರ ಮಕ್ಕಳನ್ನು ಇನ್ನೊಮ್ಮೆ ಕೇಳಿ ನೋಡಿ. ಇದು ನಿಮ್ಮ ಹಿತಕ್ಕೆ ವಿರುದ್ಧವಾದ ಸಲಹೆ ಎಂದು ಗೊತ್ತು.

ಅಮೆರಿಕದಲ್ಲಿರುವ ನಮ್ಮವರು ಕೆಲವರು ಅಲ್ಲಿ ಮಾಲಿನ ಪಾರ್ಕಿಂಗಿನಲ್ಲೇ ವ್ಯಾಪಾರ ಮುಗಿಸುತ್ತಾರೆ ಎಂದು ಹೇಳುವುದುಂಟು. ಅಲ್ಲಿಯೂ ರಾಜ್ಯಕ್ಕೊಂದು ಕಾನೂನು. ಟೆಕ್ಸಾಸ್‌ನಲ್ಲಿ ಅದೇ ರಾಜ್ಯದ ಇಬ್ಬರು ನೇರವಾಗಿ ಮಾರಿ ಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಆಗಬೇಕು. ಬೇರೆ ರಾಜ್ಯದವರಿಗೆ ನೇರ ಮಾರಾಟ ಎಲ್ಲೂ ಇಲ್ಲ. ಎಚ್‌-1ಬಿ ವೀಸಾದಲ್ಲಿರುವ ಹುಡುಗರಿಗಂತೂ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಕೋವಿ ಇಟ್ಟುಕೊಳ್ಳುವುದೇ ಅಪರಾಧ. ಪಾರ್ಕಿಂಗಿನ ಮಾತು ಅಲ್ಲಿಗೇ ಇರಲಿ.

ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಕೋವಿ ಕೊಟ್ಟ ದಿನವೇ ಮಾರುವವರು ತಮ್ಮ ಲೈಸೆನ್ಸಿನಿಂದ ಅದರ ನಂಬರು ತೆಗೆಸಲು ಅರ್ಜಿ ಹಾಕಲಿ. ಇಲ್ಲವಾದರೆ ನಾಳೆ ಆ ಕೋವಿ ಏನೇ ಮಾಡಿದರೂ ಪೊಲೀಸರು ಬರುವುದು ಇವರ ಮನೆಗೆ. ಕೊನೆಯದಾಗಿ, ದಿನ ಗೊತ್ತು ಮಾಡುವ ಮುಂಚೆ ಚುನಾವಣೆ ಹತ್ತಿರ ಇದೆಯೇ ವಿಚಾರಿಸಿ. ನೀತಿಸಂಹಿತೆ ಬಂತೆಂದರೆ ಕೋವಿ ಠೇವಣಿ ಇಡಿ ಅನ್ನುವ ಆದೇಶವೂ ಹಿಂದೆಯೇ ಬರುತ್ತದೆ. ಕಚೇರಿಯಲ್ಲಿ ನಿಮ್ಮ ಕಡತ ಅಡಿಗೆ ಹೋಗುತ್ತದೆ, ಅಂಗಡಿಯ ಕಪಾಟುಗಳು ಊರವರ ಕೋವಿಗಳಿಂದ ತುಂಬುತ್ತವೆ, ಮಿಸ್ತ್ರಿಗೆ ರಸೀದಿ ಬರೆಯುವುದರಲ್ಲೇ ಹೊತ್ತು ಹೋಗುತ್ತದೆ.