ಮನೆಯ ಚಲನಚಿತ್ರಗಳು: ಪಾಠ ಮತ್ತು ಪಾಠಾಂತರ

ಮನೆಯಲ್ಲಿ ತೆಗೆದ ಚಲನಚಿತ್ರಗಳನ್ನು ವಿಮರ್ಶೆಗೆ ಎತ್ತಿಕೊಂಡರೆ ಕೆಲವು ಓದುಗರಾದರೂ ಹುಬ್ಬೇರಿಸುವುದು ಸಹಜ. ಮಗುವಿನ ನಾಮಕರಣ, ತಂಗಿಯ ಮದುವೆ, ಬೇಸಿಗೆ ರಜೆಯ ಪ್ರವಾಸ, ಇವುಗಳಲ್ಲಿ ವಿಮರ್ಶಕನಿಗೇನು ಕೆಲಸ? ಆದರೆ ಈ ಕಲೆ ಕಣ್ಣು ಬಿಟ್ಟದ್ದೇ ಮನೆಯಂಗಳದಲ್ಲಿ ಎಂಬುದನ್ನು ನಾವು ಮರೆಯುತ್ತೇವೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂ ಕಫೆಯಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ಜನಕ್ಕೆ ತೋರಿಸಿದ ಹತ್ತು ತುಣುಕುಗಳಲ್ಲಿ ಒಂದು, ಅಣ್ಣ ಆಗಸ್ಟ್ ಹೆಂಡತಿಯೊಡನೆ ಕುಳಿತು ತನ್ನ ಕೂಸಿಗೆ ಉಣಿಸುವ ದೃಶ್ಯ. ಕ್ಯಾಮೆರಾ ತಿರುಗಿಸಿದವನು ತಮ್ಮ ಲೂಯಿ. ಒಂದು ನಿಮಿಷವೂ ಇಲ್ಲದ ಆ ಚಿತ್ರದಲ್ಲಿ ಪ್ರೇಕ್ಷಕರು ಮಗುವಿಗಿಂತ ಹೆಚ್ಚಾಗಿ ಹಿಂದುಗಡೆ ಗಾಳಿಗೆ ಅಲುಗುತ್ತಿದ್ದ ಎಲೆಗಳನ್ನು ಕಂಡು ಬೆರಗಾದರೆಂದು ಹೇಳುವುದುಂಟು. ಈ ಎಲೆಗಳ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಮನೆಯ ಸಂಗ್ರಹ ದೊಡ್ಡದೇನಲ್ಲ. ದೊಡ್ಡಪ್ಪ 1972ರಲ್ಲಿ ತರಬೇತಿಗೆಂದು ಜರ್ಮನಿಗೆ ಹೋದವರು ಒಂದು ಸೂಪರ್ 8 ಕ್ಯಾಮೆರಾ ತಂದರು. ಮುಂದಿನ ಹತ್ತು ವರ್ಷಗಳಲ್ಲಿ ಅವರು ತೆಗೆದದ್ದು ಹನ್ನೊಂದು ರೀಲು. ಒಂದೊಂದು ಐವತ್ತು ಅಡಿ, ಓಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಫಿಲಂ ದುಬಾರಿ, ತೊಳೆಸಲು ಪರಸ್ಥಳಕ್ಕೆ ಕಳುಹಿಸಬೇಕು. ಆದ್ದರಿಂದ ಲೋಭಿಯ ಕೈಯ ತುಪ್ಪದಂತೆ ಹನಿಹನಿಯಾಗಿ ತೆಗೆದಿದ್ದಾರೆ. ಆಮೇಲೆ ನನ್ನ ಅಣ್ಣ ತೆಗೆದ ಹದಿನಾಲ್ಕು ಕ್ಯಾಸೆಟ್ಟುಗಳಿವೆ, ಒಂದೊಂದು ಒಂದು ಗಂಟೆಯದು. ಅವುಗಳಲ್ಲಿ ಲೋಭವೂ ಇಲ್ಲ, ತುಪ್ಪವೂ ಇಲ್ಲ. ಮೂರು ನಿಮಿಷದ ಕಟ್ಟುಪಾಡು ಎಂಥ ಗುರು ಎಂಬುದು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ತಿಳಿಯುತ್ತದೆ.

ಇವೆಲ್ಲವನ್ನೂ ಅಂಗಡಿಯೊಂದರಲ್ಲಿ ಕೊಟ್ಟು ಎರಡು ಟೆರಾಬೈಟಿನ ಒಂದು ಹಾರ್ಡ್ ಡಿಸ್ಕಿಗೆ ಹಾಕಿಸಿದೆವು. ಅಂಗೈಯಗಲದ ಪೆಟ್ಟಿಗೆ. ಕಳೆದ ದೀಪಾವಳಿಗೆ ಮನೆಮಂದಿಯೆಲ್ಲ ಮೈಸೂರಿನಲ್ಲಿ ಸೇರಿದ್ದಾಗ ಅದನ್ನು ಟಿ.ವಿ.ಗೆ ಸಿಕ್ಕಿಸಿ, ದೊಡ್ಡಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ದೊಡ್ಡಪ್ಪನ ರೀಲುಗಳನ್ನು ಹಚ್ಚಿದೆವು.

ಮೊದಲನೆಯದು ಸರಿಯಾಗಿ ಬಂತು. ಅದಾದ ಮೇಲೆ ಬಂದದ್ದು ಹತ್ತನೆಯದು, ಆಮೇಲೆ ಹನ್ನೊಂದು, ಆಮೇಲೆ ಎರಡು! ಯಂತ್ರಕ್ಕೆ ಎಣಿಕೆ ಬರುವುದಿಲ್ಲ, ಅಕ್ಷರಕ್ರಮ ಮಾತ್ರ ಬರುತ್ತದೆ. ಒಂದರ ಮುಂದೆ ಸೊನ್ನೆಯಿದ್ದರೆ ಅದು ಎರಡಕ್ಕಿಂತ ಮೊದಲು. ಹೀಗಾಗಿ ಅತ್ತೆಯ ಮಗನ ಉಪನಯನ ಮುಗಿದ ಮೇಲೆ ಅತ್ತೆಗೆ ಮದುವೆಯಾಯಿತು. ಉಪನಯನದ ರೀಲಿನಲ್ಲಿ ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ಪಟವಾಗಿದ್ದ ಅಜ್ಜ ಆರೇಳು ನಿಮಿಷದೊಳಗೆ ಎದ್ದು ಬಂದು ಬೀಗರ ಕಾಲಿಗೆ ನೀರು ಕೊಟ್ಟರು. ಮಕ್ಕಳು ನಕ್ಕರು. ದೊಡ್ಡಮ್ಮ ನಗಲಿಲ್ಲ. ಕಡತಗಳ ತಾರೀಖು ನೋಡಿ ಸರಿಪಡಿಸೋಣವೆಂದರೆ ಎಲ್ಲಕ್ಕೂ ಅಂಗಡಿಯಲ್ಲಿ ಪ್ರತಿ ತೆಗೆದ ದಿನವೇ ಬಿದ್ದಿತ್ತು. ಹತ್ತು ವರ್ಷದ ಬಾಳೆಲ್ಲ ಒಂದೇ ಮಧ್ಯಾಹ್ನ ನಡೆದುಹೋದಂತೆ! ಹೆಸರಿನ ಮುಂದೆ 01, 02 ಎಂದು ಸೊನ್ನೆ ಹಾಕಿ, ನಡೆದ ವರ್ಷವನ್ನೂ ಸೇರಿಸಿದರೆ ಈ ತೊಂದರೆಯಿಲ್ಲವೆಂದು ಅಣ್ಣನ ಮಗ ಮರುದಿನ ತೋರಿಸಿಕೊಟ್ಟ. ಓಲೆಗರಿಯ ಕಟ್ಟು ಬಿಚ್ಚಿಹೋಗಿ ಗರಿಗಳು ಅದಲುಬದಲಾದಾಗ ಸಂಪಾದಕ ಪಡುವ ಪಾಡು ಇದೇ.

ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಅದನ್ನು ಹೇಳಬೇಕಾದರೆ ಹಿಂದಿನ ಪ್ರದರ್ಶನಗಳನ್ನು ನೆನೆಯಬೇಕು. ನಾನು ಏಳೆಂಟು ವರ್ಷದವನಿದ್ದಾಗ ನಡುಮನೆಯ ಗೋಡೆಗೆ ದೊಡ್ಡಪ್ಪನ ಬಿಳಿ ಪಂಚೆ ಕಟ್ಟಿ, ಕಿಟಕಿ ಮುಚ್ಚಿ, ಪ್ರೊಜೆಕ್ಟರನ್ನು ಹತ್ತಿಸುತ್ತಿದ್ದರು. ಮೂರು ನಿಮಿಷ ಓಡಿ ರೀಲು ಮುಗಿಯುತ್ತಿತ್ತು, ದೀಪ ಹಾಕುತ್ತಿದ್ದರು. ಮುಂದಿನ ರೀಲನ್ನು ಏರಿಸಲು ಐದು ನಿಮಿಷ ಬೇಕು. ಆ ಐದು ನಿಮಿಷದಲ್ಲಿ ಮನೆ ಮಾತನಾಡುತ್ತಿತ್ತು. “ಅದು ಕೆಂದಿ ಹಸುವಿನ ಕರು ಅಲ್ಲವೇ?” “ಆ ಸೀರೆ ನನ್ನದು, ಇವಳು ಕೇಳದೇ ಉಟ್ಟಿದ್ದಳು.” ಚಿತ್ರಕ್ಕೆ ಧ್ವನಿಯಿಲ್ಲದ್ದರಿಂದ ಓಡುತ್ತಿರುವಾಗಲೂ ಒಬ್ಬರಲ್ಲ ಒಬ್ಬರು ಹೇಳುತ್ತಲೇ ಇದ್ದರು. ಈಗ ವಿಚಾರ ಮಾಡಿದರೆ, ಮನೆಯ ಚಿತ್ರವೆಂಬುದು ಅರ್ಧ ಕೃತಿ. ಕತ್ತಲೆಯಲ್ಲಿ ಕುಳಿತವರ ಮಾತು ಅದರ ಉತ್ತರಾರ್ಧ ಎಂದು ತೋರುತ್ತದೆ. ಹಾರ್ಡ್ ಡಿಸ್ಕು ಪೂರ್ವಾರ್ಧವನ್ನು ಅಚ್ಚುಕಟ್ಟಾಗಿ ಉಳಿಸಿಕೊಟ್ಟಿದೆ. ಉತ್ತರಾರ್ಧಕ್ಕೆ ಅದರಲ್ಲಿ ಎಡೆಯಿಲ್ಲ. ಒಂದು ಮುಗಿಯುತ್ತಲೇ ಮುಂದಿನದು ತಾನಾಗಿ ಹತ್ತಿಕೊಳ್ಳುತ್ತದೆ, ನಡುವೆ ಉಸಿರಾಡಲು ಬಿಡುವಿಲ್ಲ. ಅಂಗಡಿಯವನು ಮೂಕಚಿತ್ರವೆಂದು ಮರುಕಪಟ್ಟನೋ ಏನೋ, ಎಲ್ಲಕ್ಕೂ ಒಂದೇ ಕೊಳಲಿನ ಸಂಗೀತವನ್ನು ಬೇರೆ ಹಚ್ಚಿದ್ದ.

ದೀಪಾವಳಿಯ ಸಂಜೆ ನಡೆದದ್ದು ಇದು. ಮೊದಲನೆಯ ರೀಲು ಊರ ಮನೆಯ ಹಿತ್ತಿಲಿನದು. ಅತ್ತೆ, ಆಗ ಇನ್ನೂ ಮದುವೆಯಾಗದ ಹುಡುಗಿ, ಕರುವಿನ ಕೊರಳು ಹಿಡಿದು ನಗುತ್ತಾಳೆ. ದೊಡ್ಡಪ್ಪ ತೆಗೆದದ್ದು ಅತ್ತೆಯನ್ನು. ಆದರೆ ಅವಳ ಹಿಂದೆ, ಬಾವಿಕಟ್ಟೆಯಲ್ಲಿ, ಹೆಂಗಸೊಬ್ಬಳು ನೀರು ಸೇದುತ್ತಿದ್ದಾಳೆ. ಕ್ಯಾಮೆರಾ ಇರುವುದು ಅವಳಿಗೆ ಗೊತ್ತಿಲ್ಲ. ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ, ಅಷ್ಟೆ. ದೊಡ್ಡಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ “ಅಯ್ಯೋ, ಇವಳು ನೋಡೋ...” ಎಂದರು. ಅಷ್ಟರಲ್ಲಿ ಉಪನಯನ ಬಂತು, ಕೊಳಲು ಬಂತು, ಮಕ್ಕಳ ಗದ್ದಲ ಬಂತು. ರಿಮೋಟು ಯಾರ ಕೈಯಲ್ಲಿತ್ತೋ. ರಾತ್ರಿ ಊಟದ ಹೊತ್ತಿಗೆ ಕೇಳಿದರೆ “ಯಾರನ್ನೋ? ಯಾವ ಬಾವಿ?” ಎಂದರು. ಅವರಿಗೆ ಈಗ ಎಂಬತ್ತನಾಲ್ಕು. ನೆನಪು ಬೆಳಗ್ಗೆ ಬಂದು ಸಂಜೆ ಹೋಗುತ್ತದೆ.

ಲೂಮಿಯೇರ್ ಚಿತ್ರದ ಎಲೆಗಳ ಮಾತಿಗೆ ಈಗ ಬರೋಣ. ಮನೆಯ ಚಿತ್ರಗಳಲ್ಲಿ ತೆಗೆದವನು ಉದ್ದೇಶಿಸಿದ್ದು ಬೇಗ ಹಳತಾಗುತ್ತದೆ. ಮದುಮಗಳ ಮುಖ ಫೋಟೋದಲ್ಲೂ ಉಂಟು. ಅವನು ಉದ್ದೇಶಿಸದೆ ಒಳಗೆ ಬಂದದ್ದು, ಆ ಬಾವಿ, ಆ ಸೇದುವ ಕೈಯ ವರಸೆ, ಅಂಗಳದ ಮೂಲೆಯಲ್ಲಿ ಉರುಳಿಬಿದ್ದ ಒರಳುಕಲ್ಲು, ಅದೇ ಕಾಲ ಕಳೆದಂತೆ ಕೃತಿಯ ಸಾರವಾಗುತ್ತದೆ. ಇದು ಮನವರಿಕೆಯಾದರೆ, ಸಂಗ್ರಹವನ್ನು “ಚೆನ್ನಾಗಿ ಕತ್ತರಿಸಿ” ಅರ್ಧ ಗಂಟೆಗೆ ಇಳಿಸುವ ಇಂದಿನ ಉತ್ಸಾಹ ಎಷ್ಟು ಅಪಾಯದ್ದೆಂಬುದೂ ಗೊತ್ತಾಗುತ್ತದೆ. ಅಣ್ಣನ ಮಗ ಹಾಗೊಂದು ಸಂಕ್ಷೇಪ ಮಾಡಿ, ಸಿನಿಮಾ ಹಾಡು ಸೇರಿಸಿ, ಎಲ್ಲರ ಫೋನಿಗೂ ಕಳುಹಿಸಿದ್ದಾನೆ. ಬಾವಿಕಟ್ಟೆ ಅದರಲ್ಲಿ ಹೋಗಿದೆ. ಅಲುಗಾಟ ಹೆಚ್ಚೆಂದು ತೆಗೆದನಂತೆ. ಅವನನ್ನು ದೂರುವುದಿಲ್ಲ. ಸಂಗ್ರಹ ಭಾರತವನ್ನು ಓದಿ ಭಾರತ ಓದಿದೆವೆನ್ನುವವರು ನಮ್ಮ ತರಗತಿಗಳಲ್ಲೂ ಇದ್ದಾರೆ.

ಇಂಥ ಚಿತ್ರಗಳನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಇಬ್ಬರ ಹೆಸರನ್ನು ಇಲ್ಲಿ ಹೇಳಬೇಕು. ಹಂಗೇರಿಯ ಪೀಟರ್ ಫೋರ್ಗಾಚ್ ಬೇರೆಯವರ ಮನೆಯ ಹಳೆಯ ರೀಲುಗಳನ್ನು ಹುಡುಕಿ ಚಿತ್ರ ಕಟ್ಟುವವನು. 1997ರ ‘ದಿ ಮೇಲ್‌ಸ್ಟ್ರಾಮ್’ನಲ್ಲಿ ಅವನು ಬಳಸಿರುವುದು ಪೀರೆಬೂಮ್ ಎಂಬ ಡಚ್ ಯಹೂದಿ ಕುಟುಂಬದ ಚಿತ್ರಗಳನ್ನು. ಮದುವೆ, ಸಮುದ್ರತೀರ, ಮಗು. ಕೊನೆಗೆ ಶಿಬಿರಕ್ಕೆ ಹೊರಡುವ ಮುನ್ನ ಬಟ್ಟೆಬರೆ ಸಿದ್ಧಪಡಿಸಿಕೊಳ್ಳುತ್ತಿರುವ ಮನೆಯವರು. ಅವರಿಗೆ ತಿಳಿಯದ್ದು ನಮಗೆ ತಿಳಿದಿದೆ. ಫೋರ್ಗಾಚ್ ಆ ದೃಶ್ಯಗಳ ಸಾಮಾನ್ಯತೆಯನ್ನು ಮುಟ್ಟಲಿಲ್ಲ. ಅದೇ ಅವನ ದೊಡ್ಡತನ. ಇನ್ನೊಬ್ಬ, ಲಿಥುವೇನಿಯಾದಿಂದ ಅಮೆರಿಕೆಗೆ ಹೋಗಿ ನೆಲಸಿದ ಜೋನಸ್ ಮೆಕಾಸ್. ಬಹುಕಾಲದ ಮೇಲೆ 1971ರಲ್ಲಿ ಹುಟ್ಟೂರಿಗೆ ಮರಳಿ ತಾಯಿಯನ್ನು ಕಂಡ ಚಿತ್ರವನ್ನು ಅವನು ಮರುವರ್ಷ ಹೊರತಂದ. ಚಿತ್ರ ನಡುಗುತ್ತದೆ, ಹಾರುತ್ತದೆ. ಅದರ ಮೇಲೆ ಅವನ ತಡವರಿಸುವ ಧ್ವನಿ. ನಡುಗುವ ಚಿತ್ರವನ್ನು ಆ ಧ್ವನಿ ಹಿಡಿದು ನಿಲ್ಲಿಸುತ್ತದೆ. ನಮ್ಮ ನಡುಮನೆಯಲ್ಲಿ ಹತ್ತು ಜನ ಸೇರಿ ಮಾಡುತ್ತಿದ್ದುದನ್ನು ಮೆಕಾಸ್ ಒಬ್ಬನೇ ಮಾಡಿದ್ದಾನೆ ಎನ್ನಬಹುದು.

ಹಾಗೆಂದು ಪೆಟ್ಟಿಗೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲದ ನಾಡು ನಮ್ಮದು, ಉಳಿಸುವ ಉಪಕರಣವನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಆದರೆ ಅದರ ಸ್ವಭಾವ ತಿಳಿದಿರಬೇಕು. ಒಳಗಿನ ತಟ್ಟೆ ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತು ತಿರುಗುತ್ತದೆ, ಕೆಲವದರಲ್ಲಿ ಇನ್ನೂ ಹೆಚ್ಚು. ಓದುವ ಮೊನೆ ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಮೇಜಿನಿಂದ ಒಮ್ಮೆ ಜಾರಿದರೆ ಮೂರು ತಲೆಮಾರು ಒಟ್ಟಿಗೆ ಹೋಗಬಹುದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿದಳೆಂದು ನಾವು ಪಾಠ ಹೇಳುತ್ತೇವೆ. ಗೃಹಸ್ಥನಿಗೆ ಸಾವಿರ ಬೇಡ, ಮೂರು ಸಾಕು. ಒಂದು ಮಾತ್ರ ಬೇರೆ ಊರಿನಲ್ಲಿರಲಿ. ನಮ್ಮದು ಧಾರವಾಡದಲ್ಲಿ ತಂಗಿಯ ಬೀರುವಿನಲ್ಲಿದೆ. ಜಾಗ ಉಳಿಸಲೆಂದು ಚಿತ್ರವನ್ನು ಕುಗ್ಗಿಸುವುದೂ ಬೇಡ. ಡಿ.ವಿ. ಕ್ಯಾಸೆಟ್ಟಿನ ಒಂದು ಗಂಟೆ ಕುಗ್ಗಿಸದೆ ಸುಮಾರು ಹದಿಮೂರು ಗಿಗಾಬೈಟು ಹಿಡಿಯುತ್ತದೆ. ನಮ್ಮ ಹದಿನಾಲ್ಕಕ್ಕೂ ನೂರೆಂಬತ್ತು ಚಿಲ್ಲರೆ, ಎರಡು ಸಾವಿರದ ಪೆಟ್ಟಿಗೆಯಲ್ಲಿ ಒಂದು ಮೂಲೆ. ಟಿ.ವಿ.ಗೆ ಒಗ್ಗುವ ಸಣ್ಣ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳಬಹುದು. ರೀಲುಗಳನ್ನು ಎಸೆಯಕೂಡದು. ತಣ್ಣಗೆ, ಒಣಗಿದ ಜಾಗದಲ್ಲಿ ಇಡಬೇಕು; ಹುಳಿಹುಳಿ ವಿನಿಗರ್ ವಾಸನೆ ಬಂದರೆ ಫಿಲಂ ಕೊಳೆಯತೊಡಗಿದೆ ಎಂದು ತಿಳಿಯಬೇಕು. ಕಣ್ಣಿಗೆ ಹಿಡಿದರೆ ಕಾಣುವ ಗುಣ ರೀಲಿಗಿದೆ, ಕ್ಯಾಸೆಟ್ಟಿಗೂ ಡಿಸ್ಕಿಗೂ ಇಲ್ಲ. ಯಂತ್ರ ಹೋದರೆ ಅವು ಮೂಕ. 2016ರಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿದಾಗ ಎಷ್ಟು ಮನೆಗಳ ಮದುವೆಗಳು ಬೀರುವಿನಲ್ಲೇ ಉಳಿದವೋ.

ಉತ್ತರಾರ್ಧಕ್ಕೆ ನಾವು ಈಗ ಮಾಡುತ್ತಿರುವುದು ಹೀಗೆ. ತಿಂಗಳಿಗೊಂದು ಭಾನುವಾರ, ಬೆಳಗ್ಗೆ ಕಾಫಿಯಾದ ಮೇಲೆ, ದೊಡ್ಡಮ್ಮನ ಮುಂದೆ ಒಂದೇ ರೀಲು. ಕೊಳಲನ್ನು ಬಂದ್ ಮಾಡಿದ್ದೇವೆ, ತಾನಾಗಿ ಮುಂದೆ ಓಡುವುದನ್ನೂ ತಡೆದಿದ್ದೇವೆ. ಅವರು ಕೈಯೆತ್ತಿದಾಗ ನಿಲ್ಲಿಸುವುದು. ಪಕ್ಕದಲ್ಲಿ ಫೋನು ಅವರ ಮಾತನ್ನು ಹಿಡಿದುಕೊಳ್ಳುತ್ತದೆ. ಆ ಧ್ವನಿಯ ಕಡತಕ್ಕೆ ರೀಲಿನದೇ ಹೆಸರು ಕೊಟ್ಟು ಅದರ ಪಕ್ಕದಲ್ಲಿ ಇಡುತ್ತೇವೆ. ಹನ್ನೊಂದರಲ್ಲಿ ನಾಲ್ಕು ಆಗಿವೆ. ಮೊದಲನೆಯದನ್ನು ಎರಡು ಸಲ ತೋರಿಸಬೇಕಾಯಿತು. ಮೊದಲ ಸಲ ಬಾವಿಕಟ್ಟೆಯ ಹೆಂಗಸನ್ನು ನೋಡಿ, “ಅವಳು ಆಚೆಮನೆ ಶಾನುಭೋಗರ ಅಕ್ಕ ಕಣೋ, ಅವರ ಬಾವಿ ಬತ್ತಿದಾಗ ನಮ್ಮಲ್ಲಿಗೆ ಬರೋಳು” ಎಂದರು. ಮುಂದಿನ ತಿಂಗಳು, ಅದೇ ಜಾಗದಲ್ಲಿ ಕೈಯೆತ್ತಿ, “ನಿಮ್ಮಜ್ಜಿಯ ತಂಗಿ. ಬಾಣಂತನಕ್ಕೆ ಬಂದೋಳು ತಿರುಗಿ ಹೋಗಲೇ ಇಲ್ಲ” ಎಂದರು. ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಬಹಳ ಹೊತ್ತು ಪರದೆ ನೋಡುತ್ತಿದ್ದು, “ಹಾಕು, ಮುಂದೆ ಹಾಕು” ಎಂದರು.

ಎರಡೂ ಪಾಠಗಳನ್ನು ಇಟ್ಟಿದ್ದೇನೆ.