ಶಬ್ದಾರ್ಥನಿರ್ಣಯವೂ ವಾಕ್ಸ್ವಾತಂತ್ರ್ಯವೂ: ರೊಮೇಶ್ ಥಾಪರ್ ತೀರ್ಪಿನ ವಿಮರ್ಶೆ

ನ್ಯಾಯಸ್ಥಾನದ ತೀರ್ಪೊಂದನ್ನು ಸಾಹಿತ್ಯವಿಮರ್ಶೆಗೆ ವಿಷಯವನ್ನಾಗಿ ಮಾಡಿಕೊಳ್ಳಬಹುದೆ ಎಂಬ ಆಕ್ಷೇಪವು ಮೊದಲೇ ಹುಟ್ಟುವುದು ಸಹಜವು. ಇದಕ್ಕೆ ಸಮಾಧಾನವಿಷ್ಟೆ: ಶಬ್ದವು ಯಾವ ಅರ್ಥದಲ್ಲಿ ಪ್ರಯುಕ್ತವಾಗಿದೆ, ಅದರ ವ್ಯಾಪ್ತಿಯು ಎಲ್ಲಿಗೆ ನಿಲ್ಲುವುದು ಎಂಬ ವಿಚಾರವು ಮೀಮಾಂಸಕನಿಗೂ ನ್ಯಾಯಾಧೀಶನಿಗೂ ಸಮಾನವಾದುದು. ಕಲ್ಯಾಣದ ವಿಜ್ಞಾನೇಶ್ವರನು ‘ಸಪಿಂಡ’ ಶಬ್ದಕ್ಕೆ ಪಿಂಡಪ್ರದಾನಸಂಬಂಧವೆಂಬ ಅರ್ಥವನ್ನು ಬಿಟ್ಟು ಶರೀರಾವಯವಸಂಬಂಧವೆಂಬ ಅರ್ಥವನ್ನು ಹಿಡಿದನು. ಆ ಒಂದು ನಿರ್ಣಯದಿಂದ ಅಸಂಖ್ಯ ಕುಟುಂಬಗಳ ದಾಯಕ್ರಮವು ಗೊತ್ತಾಯಿತು. ಶಬ್ದಾರ್ಥವು ಪಂಡಿತರ ವಿನೋದವಲ್ಲ. ಲೋಕವ್ಯವಹಾರವು ಅದರ ಮೇಲೆ ನಿಂತಿದೆ.

ಪ್ರಕೃತ ವಿಷಯವು ಇದು. ರೊಮೇಶ್ ಥಾಪರರು ಮುಂಬಯಿಯಲ್ಲಿ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆಯನ್ನು ಪ್ರಕಟಿಸುತ್ತಿದ್ದರು. ಮದರಾಸು ಸರ್ಕಾರವು 1949ನೆಯ ಸುವ್ಯವಸ್ಥಾರಕ್ಷಣೆಯ ಶಾಸನವನ್ನು ಆಧರಿಸಿ, ಸಾರ್ವಜನಿಕ ಕ್ಷೇಮ ಮತ್ತು ಸುವ್ಯವಸ್ಥೆಗಳ ನಿಮಿತ್ತವಾಗಿ, 1950ನೆಯ ಮಾರ್ಚಿ 1ರಂದು ಈ ಪತ್ರಿಕೆಯು ತನ್ನ ಸೀಮೆಯೊಳಗೆ ಬರಕೂಡದೆಂದು ಆಜ್ಞಾಪಿಸಿತು. ಥಾಪರರು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷದ ಮೇ 26ರಂದು ಆರು ಮಂದಿ ನ್ಯಾಯಾಧೀಶರಲ್ಲಿ ಐವರ ಮತದಿಂದ ಆಜ್ಞೆಯು ರದ್ದಾಯಿತು. ಬಹುಮತವನ್ನು ಬರೆದವರು ಪತಂಜಲಿ ಶಾಸ್ತ್ರಿಗಳು. ಭಿನ್ನಮತವು ಫಜಲ್ ಅಲಿಯವರದು.

ಸಂವಿಧಾನದ 19ನೆಯ ವಿಧಿಯು ಅಂದು ಇದ್ದ ರೂಪದಲ್ಲಿ, ಮಾನಹಾನಿ, ನ್ಯಾಯಾಲಯನಿಂದೆ, ಅಸಭ್ಯತೆ ಮುಂತಾದವುಗಳನ್ನು ಬಿಟ್ಟರೆ, ರಾಜ್ಯದ ಭದ್ರತೆಯನ್ನು ಶಿಥಿಲಗೊಳಿಸುವ ಅಥವಾ ರಾಜ್ಯವನ್ನೇ ಉರುಳಿಸಲು ಹವಣಿಸುವ ಮಾತಿಗೆ ಮಾತ್ರ ತಡೆಯನ್ನು ಒಪ್ಪಿತ್ತು. ‘ಸಾರ್ವಜನಿಕ ಕ್ಷೇಮ’ವೆಂದರೆ ರಾಜ್ಯದ ಭದ್ರತೆಯೇ ಎಂಬುದು ಮದರಾಸು ಸರ್ಕಾರದ ಪೂರ್ವಪಕ್ಷ. ಶಾಸ್ತ್ರಿಗಳ ಉತ್ತರವು ಪ್ರಯೋಗವನ್ನು ಹಿಡಿದು ನಡೆಯುತ್ತದೆ. ದಂಡಸಂಹಿತೆಯಲ್ಲಿ ಸಾರ್ವಜನಿಕ ಕ್ಷೇಮಕ್ಕೆ ಸಂಬಂಧಿಸಿದ ಅಧ್ಯಾಯದೊಳಗೆ ಬೀದಿಯಲ್ಲಿ ಅಜಾಗರೂಕತೆಯಿಂದ ಗಾಡಿ ಓಡಿಸುವ ಅಪರಾಧವೂ ಸೇರಿತ್ತು. ಅದರಿಂದ ರಾಜ್ಯವು ಉರುಳುವುದೆಂದು ಯಾರೂ ಹೇಳಲಾರರು. ಮತ್ತು ಸಂವಿಧಾನದ ಏಳನೆಯ ಅನುಸೂಚಿಯು ರಾಜ್ಯಭದ್ರತೆಯನ್ನೂ ಸುವ್ಯವಸ್ಥೆಯನ್ನೂ ಬೇರೆ ಬೇರೆ ಶಬ್ದಗಳಿಂದ ನಿರ್ದೇಶಿಸಿದೆ. ಶಬ್ದಾಂತರವು ಕರ್ಮಭೇದಕ್ಕೆ ಪ್ರಮಾಣವೆಂದು ಮೀಮಾಂಸಕರು ಹೇಳುವರು; ಶಾಸ್ತ್ರಿಗಳು ಅನುಸರಿಸಿದ ದಾರಿಯೂ ಇದಕ್ಕೆ ಸಮೀಪವಾದುದೇ.

ಶಾಸನದ ಅರ್ಧವನ್ನಾದರೂ ಉಳಿಸಬಹುದಲ್ಲವೆ ಎಂಬ ಪ್ರಶ್ನೆಗೆ ತೀರ್ಪು ಒಪ್ಪಲಿಲ್ಲ. ಸಂವಿಧಾನಸಮ್ಮತವಾದ ತಡೆಗೂ ಅಸಮ್ಮತವಾದ ತಡೆಗೂ ಒಂದೇ ಮಾತು ಎಡೆಗೊಡುವುದಾದರೆ ಆ ಮಾತು ಪೂರ್ತಿಯಾಗಿ ಬೀಳತಕ್ಕದ್ದೇ. ಕೋಳಿಯ ಅರ್ಧವನ್ನು ಅಡುಗೆಗೂ ಅರ್ಧವನ್ನು ಮೊಟ್ಟೆಗೂ ಇಟ್ಟುಕೊಳ್ಳುವ ಅರ್ಧಕುಕ್ಕುಟೀನ್ಯಾಯಕ್ಕೆ ಇಲ್ಲಿ ಅವಕಾಶವಿಲ್ಲ. ಪತ್ರಿಕೆಯನ್ನು ಅಚ್ಚುಹಾಕುವ ಸ್ವಾತಂತ್ರ್ಯವಿದ್ದು ಹಂಚುವ ಸ್ವಾತಂತ್ರ್ಯವಿಲ್ಲದಿದ್ದರೆ ಮೊದಲನೆಯದು ನಿಷ್ಫಲವೆಂಬ ನಿರ್ಣಯವೂ ಇಂಥದೇ. ಅದೇ ದಿನ, ವಿರುದ್ಧಪಂಥದ ‘ಆರ್ಗನೈಸರ್’ ಪತ್ರಿಕೆಗೆ ದೆಹಲಿಯಲ್ಲಿ ವಿಧಿಸಿದ್ದ ಪೂರ್ವಪರಿಶೀಲನೆಯ ಆಜ್ಞೆಯನ್ನೂ ಈ ಪೀಠವೇ ತಳ್ಳಿಹಾಕಿತು. ಮಾತನಾಡುವವನ ಮುಖವನ್ನು ನೋಡಿ ಹಕ್ಕನ್ನು ಅಳೆಯಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಆದರೂ ಬಹುಮತವು ನಿರ್ದೋಷವೆಂದು ಹೇಳಲಾಗದು. ಫಜಲ್ ಅಲಿಯವರ ವಾದದಲ್ಲಿ ಬಲವುಂಟು: ಘೋರವಾದ ಗಲಭೆಯು ಬೆಳೆದು ರಾಜ್ಯದ ಬುಡವನ್ನೇ ಅಲುಗಿಸಬಹುದಾದುದರಿಂದ ಇವೆರಡರ ನಡುವೆ ಗೋಡೆಯನ್ನು ಕಟ್ಟುವುದು ಹೇಗೆ? ಶಾಸ್ತ್ರಿಗಳು ಭೇದವನ್ನು ಸ್ಥಾಪಿಸಿದರೇ ಹೊರತು ಒಂದು ಮುಗಿದು ಇನ್ನೊಂದು ಮೊದಲಾಗುವ ಗಡಿಕಲ್ಲನ್ನು ನೆಡಲಿಲ್ಲ. ಈ ನ್ಯೂನತೆಯು ಸ್ವಲ್ಪಕಾಲದಲ್ಲಿಯೇ ಫಲಿಸಿತು. 1951ರ ಮೊದಲನೆಯ ತಿದ್ದುಪಡಿಯು ‘ಸಾರ್ವಜನಿಕ ಸುವ್ಯವಸ್ಥೆ’ಯನ್ನು ತಡೆಯ ಕಾರಣಗಳಲ್ಲಿ ಸೇರಿಸಿ ತೀರ್ಪಿನ ಬಲವನ್ನು ಕುಗ್ಗಿಸಿತು. ಆದರೆ ಅದೇ ತಿದ್ದುಪಡಿಯು ತಡೆಯು ‘ಯುಕ್ತ’ವಾಗಿರಬೇಕೆಂಬ ವಿಶೇಷಣವನ್ನೂ ಇಟ್ಟಿತು. ಸೇರಿದ ನಾಮಪದದಿಂದ ಅಧಿಕಾರವು ಬೆಳೆಯಿತು. ಸೇರಿದ ವಿಶೇಷಣದಿಂದ ಅದರ ಪರೀಕ್ಷೆಯು ನ್ಯಾಯಾಲಯದ ಕೈಯಲ್ಲಿ ಉಳಿಯಿತು.

ಆ ಪರೀಕ್ಷೆಯ ಫಲವನ್ನು ರಾಮಮನೋಹರ ಲೋಹಿಯಾ ಅವರ ಎರಡು ಮೊಕದ್ದಮೆಗಳಲ್ಲಿ ಕಾಣಬಹುದು. 1960ರಲ್ಲಿ, ಕಾಲುವೆಯ ನೀರಿನ ದರವನ್ನು ಏರಿಸಿದುದನ್ನು ಪ್ರತಿಭಟಿಸಿದ ಭಾಷಣಗಳ ಸಂಬಂಧದಲ್ಲಿ, ಮಾತಿಗೂ ಅವ್ಯವಸ್ಥೆಗೂ ಸನ್ನಿಹಿತವಾದ ಸಂಬಂಧವಿರಬೇಕು, ದೂರದ ಊಹೆ ಸಾಲದು ಎಂದು ನಿರ್ಣಯವಾಯಿತು. 1965ರ ಬಿಹಾರದ ಮೊಕದ್ದಮೆಯಲ್ಲಿ ಗಡಿಕಲ್ಲೇ ದೊರೆಯಿತು. ಹಿದಾಯತುಲ್ಲಾ ಅವರು ಒಂದರೊಳಗೊಂದು ಇರುವ ಮೂರು ವೃತ್ತಗಳನ್ನು ಕಲ್ಪಿಸಿದರು: ಹೊರಗಿನದು ಕಾನೂನುಪಾಲನೆ, ನಡುವಿನದು ಸಾರ್ವಜನಿಕ ಸುವ್ಯವಸ್ಥೆ, ಒಳಗಿನದು ರಾಜ್ಯಭದ್ರತೆ. ಬಂಧನದ ನಿಯಮವು ಬೇಡಿದುದು ನಡುವಿನ ವೃತ್ತವನ್ನು. ಜಿಲ್ಲಾಧಿಕಾರಿಯ ಆಜ್ಞೆಯಲ್ಲಿ ಬರೆದುದು ಹೊರಗಿನದನ್ನು. ಆ ಭೇದದಿಂದ ಬಂಧನವು ಅಸಿಂಧುವಾಯಿತು. ಫಜಲ್ ಅಲಿಯವರ ಆಕ್ಷೇಪಕ್ಕೂ ಇದೇ ಉತ್ತರವು: ವೃತ್ತಗಳು ಒಂದನ್ನೊಂದು ಒಳಗೊಂಡಿರಬಹುದು, ಆದರೆ ಅವು ಒಂದೇ ಅಲ್ಲ.

ಕನ್ನಡವನ್ನು ಕಲಿಸುವವರಿಗೆ ಇದರಲ್ಲಿ ಗ್ರಾಹ್ಯವಾದ ಅಂಶವೊಂದುಂಟು. ನಮ್ಮ ವೃತ್ತಪತ್ರಿಕೆಗಳು ‘ಕಾನೂನು ಸುವ್ಯವಸ್ಥೆ’ ಎಂಬ ಸಮಾಸದಿಂದ ಹೊರಗಿನ ಎರಡು ವೃತ್ತಗಳನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತವೆ. ‘ರಾಜ್ಯ’ವೆಂಬ ಪದವು ಸಮಗ್ರ ರಾಷ್ಟ್ರಾಧಿಕಾರಕ್ಕೂ ಸಲ್ಲುತ್ತದೆ, ಕರ್ನಾಟಕ ತಮಿಳುನಾಡು ಮೊದಲಾದ ಅಂಗರಾಜ್ಯಗಳಿಗೂ ಸಲ್ಲುತ್ತದೆ. ಹೀಗಿರುವಲ್ಲಿ ಮಂತ್ರಿಯೊಬ್ಬನ ಮೇಲಿನ ಟೀಕೆಯು ರಾಜ್ಯದ ಮೇಲಿನ ದ್ರೋಹವಾಗಿ ತೋರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಿಷೇಧಾಜ್ಞೆಗಳು ಹೆಚ್ಚಾಗಿ ಹೊರಡುವುದು ಅಂಗರಾಜ್ಯಗಳ ಕಚೇರಿಗಳಿಂದ, ಜಿಲ್ಲಾಧಿಕಾರಿಗಳ ಮೇಜಿನಿಂದ. ಅಲ್ಲಿ ಬರೆದ ಶಬ್ದವನ್ನು ಮೊದಲು ಓದುವವನು ಸಾಮಾನ್ಯ ಪ್ರಜೆಯು. ಅವನಿಗೆ ಈ ಮೂರು ಪದಗಳ ಭೇದವು ತನ್ನ ಭಾಷೆಯಲ್ಲಿಯೇ ತಿಳಿದಿದ್ದರೆ, ಆಜ್ಞೆಯು ತನ್ನ ಮೇರೆಯನ್ನು ಮೀರಿದುದನ್ನು ಅವನು ಗುರುತಿಸಬಲ್ಲನು. ಕೋಶಕಾರರೂ ಅನುವಾದಕರೂ ಅಧ್ಯಾಪಕರೂ ಈ ಪದಗಳನ್ನು ಬೇರೆಬೇರೆಯಾಗಿ ಕಾಪಾಡುವುದು ಅವಶ್ಯಕರ್ತವ್ಯವಾಗಿದೆ.